ತೊಟ್ಟಿಯಲ್ಲಿ ಮರೆತ ಕೈ

ಸುಟ್ಟಗಾಯದ ವಾರ್ಡಿಗೆ ಡ್ಯೂಟಿ ಬಿದ್ದರೆ ಹೊಸ ನರ್ಸುಗಳು ಈಗಲೂ ಮುಖ ಸಣ್ಣದು ಮಾಡಿಕೊಳ್ಳುತ್ತಾರಂತೆ. ನನ್ನ ಅಕ್ಕನ ಮೊಮ್ಮಗಳು ಈ ವರ್ಷ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದಳು. ಅವಳಿಗೆ ಸಿಕ್ಕಿದ್ದೂ ಅದೇ ವಾರ್ಡು. "ಅಜ್ಜೀ, ನೀ ಹೆಂಗೆ ಅಷ್ಟು ವರ್ಷ ಅಲ್ಲಿದ್ದೆ? ನಂಗೆ ಮೂರೇ ದಿನಕ್ಕೆ ಸಾಕಾಯ್ತು" ಎಂದು ಫೋನಿನಲ್ಲಿ ಅತ್ತಳು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಆ ಕೆಲಸ ಹೇಗಿತ್ತೆಂದು ಇದ್ದದ್ದನ್ನು ಇದ್ದ ಹಾಗೆ ಬರೆದಿಟ್ಟರೆ ಅವಳಿಗೂ ಅವಳ ಜೊತೆಯವರಿಗೂ ಉಪಯೋಗವಾದೀತು ಅನ್ನಿಸಿತು. ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ನಾನೇ ಓದಿ ಹೇಳಬೇಕು. ಪರವಾಗಿಲ್ಲ.

ನಮ್ಮದು ಕೊಯಮತ್ತೂರು ಜಿಲ್ಲೆಯ ಕಿಣತ್ತುಕಡವಿನ ಹತ್ತಿರದ ಬೇಸಾಯದ ಮನೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನನಗೆ ಕನ್ನಡ ಅಕ್ಷರ ಕಲಿಸಿದವಳು ನರ್ಸಿಂಗ್ ಹಾಸ್ಟೆಲಿನಲ್ಲಿ ಜೊತೆಗಿದ್ದ ಚಾಮರಾಜನಗರದ ಹುಡುಗಿ. ತರಬೇತಿ ಮುಗಿಸಿ ಕೊಯಮತ್ತೂರಿನ ಒಂದು ಆಸ್ಪತ್ರೆಗೆ ಸೇರಿದೆ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ಸಂಬಳ ಏರಿತು ಎಂಬುದೆಲ್ಲ ನನಗೇ ಸರಿಯಾಗಿ ನೆನಪಿಲ್ಲ. ನೆನಪಿರುವುದು ಡ್ರೆಸ್ಸಿಂಗ್ ರೂಮು.

ಆಗಿನ ಡ್ರೆಸ್ಸಿಂಗ್ ಅಂದರೆ ಹಳೆಯ ಗಾಜ್ ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಸಿ ನೆನೆಸಿ ಬಿಡಿಸಬೇಕು, ಗಾಯ ತೊಳೆಯಬೇಕು, ಬಿಳಿ ಮುಲಾಮು ಹಚ್ಚಿ ಮತ್ತೆ ಸುತ್ತಬೇಕು. ದಿನಾ ಬೆಳಿಗ್ಗೆ ಏಳಕ್ಕೆ ಶುರು. ಎಷ್ಟೇ ನೆನೆಸಿದರೂ ಒಂದೆರಡು ಕಡೆ ಬಟ್ಟೆ ಅಂಟಿಕೊಂಡೇ ಇರುತ್ತಿತ್ತು. ನೋವಿನ ಇಂಜೆಕ್ಷನ್ ಎಲ್ಲರಿಗೂ ದಿನಾ ಕೊಡುವಂತಿರಲಿಲ್ಲ. ಮೊದಲನೆಯವರು ಒಳಗೆ ಕೂಗಿಕೊಂಡರೆ ಹೊರಗೆ ಬೆಂಚಿನಲ್ಲಿ ಕಾಯುತ್ತಿದ್ದವರು ಅಲ್ಲೇ ಅಳಲು ಶುರುಮಾಡುತ್ತಿದ್ದರು. ಬೇಗ ಮುಗಿಸುವುದೇ ದೊಡ್ಡ ದಯೆ ಎಂದುಕೊಂಡಿದ್ದೆ. ಸರಸರನೆ ಬಿಡಿಸುತ್ತಿದ್ದೆ. ನನ್ನ ಕೈ ಚುರುಕು ಎಂದು ಹೆಸರೂ ಇತ್ತು. ಆ ಹೆಸರು ನೆನೆದರೆ ಈಗ ನಾಚಿಕೆಯಾಗುತ್ತದೆ.

ನಮ್ಮಲ್ಲಿ ಅರಿವಳಿಕೆ ಕೊಡುತ್ತಿದ್ದವರು ಡಾಕ್ಟರ್ ಸುಂದರೇಶನ್. ವಾರ್ಡಿನ ಜನ ಅವರನ್ನು 'ಮಯಕ್ಕ ಡಾಕ್ಟರ್' ಎನ್ನುತ್ತಿದ್ದರು, ಮಂಪರು ಕೊಡುವ ಡಾಕ್ಟರ್ ಎಂದು. ಅವರು ಎಲ್ಲಿಯೋ ಸಂಮೋಹನ ಕಲಿತುಬಂದಿದ್ದರು. ಒಂದು ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು, "ನಿನ್ನ ಕೈಗೆ ಬಹಳ ಅವಸರ. ಆದರೆ ದನಿಗೆ ಅವಸರವಿಲ್ಲ. ಆ ದನಿ ನನಗೆ ಬೇಕು" ಎಂದರು.

ಮೊದಲು ನನ್ನ ಮೇಲೆಯೇ ಮಾಡಿ ತೋರಿಸಿದರು. ಕಣ್ಣು ಮುಚ್ಚಿಸಿ, ಉಸಿರು ಸಡಿಲಿಸಿ, ಎಡಗೈ ಮಂಜುಗಡ್ಡೆಯಲ್ಲಿದೆ, ಮರಗಟ್ಟುತ್ತಿದೆ ಎಂದು ನಿಧಾನವಾಗಿ ಹೇಳುತ್ತಾ ಹೋದರು. ಆಮೇಲೆ ಸೂಜಿಯಿಂದ ಚುಚ್ಚಿದರು. ಚುಚ್ಚಿದ್ದು ಗೊತ್ತಾಯಿತು. ಆದರೆ ಗೋಡೆಯ ಆಚೆ ಮನೆಯಲ್ಲಿ ಯಾರೋ ಮೊಳೆ ಹೊಡೆದ ಹಾಗೆ, ನನಗೆ ಸಂಬಂಧವಿಲ್ಲದ್ದು ಅನ್ನಿಸಿತು. "ಇದು ನಿದ್ದೆಯಲ್ಲ, ಮಾಟವೂ ಅಲ್ಲ" ಎಂದರು ಡಾಕ್ಟರ್. "ಮನಸ್ಸು ಒಂದು ಕಡೆ ಪೂರ್ತಿ ಹೋದರೆ ಇನ್ನೊಂದು ಕಡೆ ಖಾಲಿಯಾಗುತ್ತೆ, ಅಷ್ಟೇ. ಅವರಿಗೆ ಇಷ್ಟವಿದ್ದರೆ ಮಾತ್ರ ಮಾಡಬೇಕು. ಡ್ರೆಸ್ಸಿಂಗಿಗೆ ಬಿಟ್ಟು ಬೇರೆ ಯಾವುದಕ್ಕೂ ಮಾಡಬಾರದು."

ಆರು ತಿಂಗಳು ಅವರ ಪಕ್ಕದಲ್ಲಿ ನಿಂತು ಕಲಿತೆ. ನಮ್ಮ ಹೆಡ್ ನರ್ಸ್ ಮರಗದಂ ಅಮ್ಮನಿಗೆ ಇದು ಹಿಡಿಸಲಿಲ್ಲ. ಐವತ್ತು ದಾಟಿದವರು, ಮಾತು ಕಡಿಮೆ, ಕೋಪ ಬಂದರೆ ಇನ್ನೂ ಕಡಿಮೆ. "ಮಾಡಿ. ಆದರೆ ಏನಾದರೂ ಹೆಚ್ಚುಕಡಿಮೆಯಾದರೆ ಉತ್ತರ ಹೇಳಬೇಕಾದವಳು ನಾನು, ನೆನಪಿರಲಿ" ಎಂದಷ್ಟೇ ತಮಿಳಿನಲ್ಲಿ ಹೇಳಿ ಹೋದರು.

ಸೌಡಮ್ಮಾಳ್ ಬಂದದ್ದು ಆಗ. ತಿರುಪ್ಪೂರಿನ ಕಡೆಯ ಒಂದು ನೇಯ್ಗೆ ಊರಿನವರು. ಮೂವತ್ತೈದು ವಯಸ್ಸಿರಬಹುದು. ನೂಲಿಗೆ ಹಾಕುವ ಗಂಜಿ ಕುದಿಯುತ್ತಿದ್ದಾಗ ಹಂಡೆ ಮಗುಚಿ ಬಲಗೈ ಮೇಲೆ ಬಿದ್ದಿತ್ತು. ಮುಂಗೈಯಿಂದ ಕಂಕುಳಿನವರೆಗೆ ಬೆಂದುಹೋಗಿತ್ತು. ಕಂಕುಳಿನ ಗಾಯ ಬಹಳ ಕೆಟ್ಟದ್ದು. ನೋವಿಗೆ ಹೆದರಿ ಕೈಯನ್ನು ಮೈಗೆ ಒತ್ತಿಕೊಂಡೇ ಇದ್ದರೆ ಚರ್ಮ ಹಾಗೆಯೇ ಕೂಡಿಕೊಂಡು, ತೋಳು ಮತ್ತೆ ಮೇಲೇಳುವುದಿಲ್ಲ. ಮಗ್ಗದಲ್ಲಿ ಕೂರುವ ಹೆಂಗಸಿಗೆ ತೋಳು ಹೋದರೆ ಏನು ಉಳಿಯುತ್ತದೆ? ದಿನಾ ಡ್ರೆಸ್ಸಿಂಗ್ ಮಾಡಲೇಬೇಕು, ದಿನಾ ತೋಳು ಎತ್ತಿಸಲೇಬೇಕು. ಆಕೆ ಯಾರನ್ನೂ ಮುಟ್ಟಲು ಬಿಡಲಿಲ್ಲ.

ಡಾಕ್ಟರ್ ತಮಿಳಿನಲ್ಲಿ ಸಂಮೋಹನ ಮಾಡಿ ನೋಡಿದರು. ಮೆಟ್ಟಿಲು ಇಳಿಯಿರಿ, ಹೂದೋಟ ನೋಡಿ, ಕೆರೆ ನೋಡಿ ಎಂದರು. ಆಕೆ ಕಣ್ಣು ಮುಚ್ಚಿಕೊಂಡು ಎಲ್ಲದಕ್ಕೂ "ಸರೀಂಗ, ಸರೀಂಗ" ಎಂದರು. ಬಟ್ಟೆಗೆ ಕೈ ಹಾಕಿದ ಕೂಡಲೇ, "ಅಯ್ಯೋ ಅವ್ವಾ, ಬುಡು!" ಎಂದು ಕಿರುಚಿದರು.

ಆ ಕೂಗು ಕೇಳಿ ನಾನು, "ನೀವು ನಮ್ ಮಾತಾ?" ಎಂದೆ.

ಆಕೆಯ ಅಳು ನಿಂತಿತು. "ನೀ ಕನ್ನಡನಾ ಕಣ್ಣು? ಮೊದ್ಲೇ ಯೇಳ್‌ಬಾರ್ದಾ? ಆ ಡಾಕ್ಟ್ರು ಕೆರೆಗೆ ಓಗು ಅಂತಾರೆ. ಯಾವ್ ಕೆರೆ? ನಾ ಕೆರೆನೇ ಕಂಡಿಲ್ಲ. ನಮ್ ಊರಲ್ಲಿ ಇರೋದೆಲ್ಲ ಬಾವಿ."

ಕಣ್ಣು ಎಂಬುದು ನಮ್ಮ ಕಡೆ ಕಿರಿಯರನ್ನು ಅಕ್ಕರೆಯಿಂದ ಕರೆಯುವ ಮಾತು. ಅವತ್ತಿನಿಂದ ನಾನು ಆಕೆಗೆ ಕಣ್ಣು, ಆಕೆ ನನಗೆ ಸೌಡಕ್ಕ.

ಯಾವ ಜಾಗ ಇಷ್ಟ ಎಂದು ಕೇಳಿದೆ. ಅಮ್ಮನ ಮನೆಯ ತೋಟದಲ್ಲಿ ಪಂಪ್‌ಸೆಟ್ಟಿನ ತೊಟ್ಟಿ ಇತ್ತಂತೆ. ಚಿಕ್ಕವಳಿದ್ದಾಗ ತೊಟ್ಟಿಯ ಗೋಡೆಗೆ ಎದೆಯೊತ್ತಿ ನಿಂತು ಭುಜದವರೆಗೂ ಕೈ ಮುಳುಗಿಸುತ್ತಿದ್ದಳಂತೆ. "ಐಸ್ ಇದ್ದಂಗೆ ನೀರು. ಕೈ ಇರೋದೇ ಗೊತ್ತಾಯ್ತಿರ್ಲಿಲ್ಲ."

ಮರುದಿನ ನಾನು ನಮ್ಮ ಮನೆಮಾತಿನಲ್ಲಿ ಆಕೆಯನ್ನು ಅಲ್ಲಿಗೆ ಕರೆದೊಯ್ದೆ. "ಮೋಟ್ರು ಓಡ್ತಾ ಅದೆ ಸೌಡಕ್ಕ. ನೀರು ಬೀಳ್ತಾ ಅದೆ. ಬಲಗೈ ಬುಡು ಒಳಕ್ಕೆ. ಬೆರಳು ತಣ್ಣಗಾಯ್ತು, ಮೊಣಕೈ ತಣ್ಣಗಾಯ್ತು... ಕೈ ಅಲ್ಲೇ ಇರ್ಲಿ. ನಾವಿಲ್ಲಿ ನಮ್ ಕೆಲ್ಸ ನೋಡ್ಕೊಳ್ತೀವಿ." ಹೇಳುತ್ತಲೇ ಬಟ್ಟೆ ಬಿಡಿಸಿದೆ. ನನ್ನ ಮಾತಿನ ನಿಧಾನಕ್ಕೆ ನನ್ನ ಕೈಯೂ ನಿಧಾನವಾಗಿತ್ತು. ಅದು ನನಗೇ ಆಶ್ಚರ್ಯ. ಕಂಕುಳಿನ ಬಟ್ಟೆ ಬಿಡಿಸುವಾಗ ಹುಬ್ಬು ಸ್ವಲ್ಪ ಗಂಟಾಯಿತು, ಅಷ್ಟೇ. ಮುಗಿದ ಮೇಲೆ, "ಕೈನ ನೀರಿಂದ ತೆಗಿ, ವರಸ್ಕೋ, ಬಿಸಿಲಲ್ಲಿ ಬೆಚ್ಚಗಾಯ್ತು, ನಿನ್ ಕೈ ನಿಂಗೆ ಬಂತು" ಎಂದು ಹೇಳಿ ಎಬ್ಬಿಸಿದೆ. ಡಾಕ್ಟರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನ್ನ ಕಡೆ ನೋಡಿ ಕೈ ಮುಗಿದರು. ಅಷ್ಟು ದೊಡ್ಡ ಮನುಷ್ಯ ಕೈ ಮುಗಿದದ್ದಕ್ಕೆ ನನಗೆ ಜಂಬ ಬಂತು. ಆ ಜಂಬಕ್ಕೆ ತಕ್ಕದ್ದು ಎರಡೇ ವಾರದಲ್ಲಿ ಆಯಿತು.

ಅವತ್ತು ಡ್ರೆಸ್ಸಿಂಗ್ ಮುಗಿಸುವ ಹೊತ್ತಿಗೆ ಸ್ಟವ್ ಸಿಡಿದು ಸುಟ್ಟುಕೊಂಡ ಇಬ್ಬರನ್ನು ತಂದರು. ಎಲ್ಲರೂ ಓಡಿದೆವು. ಹೊರಡುವ ಮುಂಚೆ ನಾನು ಸೌಡಕ್ಕನಿಗೆ, "ಆಯ್ತು, ಕಣ್ ಬುಡು ಸೌಡಕ್ಕ" ಎಂದಷ್ಟೇ ಹೇಳಿದೆ. ಆಕೆ ಕಣ್ಣು ಬಿಟ್ಟರು, ವಾರ್ಡಿಗೆ ಹೋದರು. ಆ ದಿನ, ಮರುದಿನ, ನಾನು ಹೊಸ ರೋಗಿಗಳ ಹತ್ತಿರವೇ ಇದ್ದೆ. ಆ ಗಡಿಬಿಡಿಯಲ್ಲಿ ಆಕೆಯ ಮರುದಿನದ ಡ್ರೆಸ್ಸಿಂಗೂ ತೋಳು ಎತ್ತಿಸುವುದೂ ತಪ್ಪಿಹೋದವು.

ಮೂರನೆಯ ದಿನ ಬೆಳಿಗ್ಗೆ ಆಕೆಯ ಗಂಡ ರಂಗಸಾಮಿ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಬಹಳ ಮೆತ್ತನೆಯ ಮನುಷ್ಯ. ಅವತ್ತು ಕಣ್ಣು ಕೆಂಪಾಗಿತ್ತು.

"ಸಿಸ್ಟರಮ್ಮಾ, ಅವಳ್ ಕೈ ಸತ್ತೋಗದೆ. ಎಡಗೈಲಿ ಉಣ್ತಾವಳೆ. ಬಲಗೈ ಎತ್ತು ಅಂದ್ರೆ, 'ಅದು ಇಲ್ಲಿಲ್ಲ' ಅಂತಾಳೆ. ಊರಲ್ಲಿ ಎಲ್ಲಾ ಯೇಳ್ತಾವ್ರೆ, ಆಸ್ಪತ್ರೀಲಿ ವಸಿಯ ಮಾಡ್ತಾರೆ, ಮಾಟ ಮಾಡ್ತಾರೆ ಅಂತ. ನಾ ಮನೆಗೆ ಕರ್ಕೊಂಡೋಗ್ತೀನುಂಗ."

ಓಡಿಹೋಗಿ ನೋಡಿದೆ. ಸೌಡಕ್ಕ ಮಂಚದ ಮೇಲೆ ಕೂತಿದ್ದರು. ಬಲಗೈ ತೊಡೆಯ ಪಕ್ಕದಲ್ಲಿ ಯಾರೋ ಇಟ್ಟುಹೋದ ವಸ್ತುವಿನಂತೆ ಬಿದ್ದಿತ್ತು. "ಏನಾಯ್ತು ಸೌಡಕ್ಕ?" ಎಂದೆ. "ಏನಿಲ್ಲ ಕಣ್ಣು. ತಣ್ಣಗೆ ಅದೆ. ನೋವೇ ಇಲ್ಲ. ನೀ ತೆಗಿ ಅಂತ ಯೇಳ್ಲಿಲ್ವಲ್ಲ?" ಎಂದರು, ನಗುತ್ತಾ.

ಆಕೆಯ ಕೈಯನ್ನು ನಾನು ತೊಟ್ಟಿಯಲ್ಲಿಯೇ ಬಿಟ್ಟು ಬಂದಿದ್ದೆ. ಎರಡು ದಿನ ತೋಳು ಅಲುಗಿರಲಿಲ್ಲ. ನೋವಿಲ್ಲದ್ದರಿಂದ ಆಕೆ ನರ್ಸುಗಳಿಗೆ ಹೇಳಿಯೂ ಇರಲಿಲ್ಲ.

ಡಾಕ್ಟರ್ ಬಂದರು. ಬೈಯುತ್ತಾರೆ ಎಂದು ಕಾದೆ. "ನೀನೇ ಕಳಿಸಿದ್ದು, ನೀನೇ ಕರೆ" ಎಂದರು. ಸೌಡಕ್ಕನ ಕಣ್ಣು ಮುಚ್ಚಿಸಿ ಮತ್ತೆ ತೊಟ್ಟಿಯ ಹತ್ತಿರ ಹೋದೆ. ಮೋಟಾರು ನಿಲ್ಲಿಸಿದೆ. ಬೆರಳು ಬೆರಳಾಗಿ ಕೈಯನ್ನು ನೀರಿನಿಂದ ತೆಗೆಸಿದೆ. ಬೆರಳುಗಳು ಒಂದೊಂದಾಗಿ ಅಲುಗಿದವು. ಜೊತೆಗೆ ನೋವೂ ಬಂತು. ಆಕೆ ಹಲ್ಲು ಕಚ್ಚಿ ಅತ್ತರು. ನಾನೂ ಅತ್ತೆ.

ಡಾಕ್ಟರ್ ಅಷ್ಟಕ್ಕೆ ಬಿಡಲಿಲ್ಲ. "ಗಂಡನಿಗೆ ನಿಜ ಹೇಳು" ಎಂದರು. ನಾನು ರಂಗಸಾಮಿಯವರ ಮುಂದೆ ನಿಂತು, ಇದು ವಸಿಯ ಅಲ್ಲ, ಮುಗಿಸುವಾಗ ಹೇಳಬೇಕಾದ ಮಾತನ್ನು ನಾನು ಮರೆತೆ, ತಪ್ಪು ನನ್ನದು ಎಂದೆ. ಅವರು ಹೆಂಡತಿಯ ಬೆರಳುಗಳನ್ನು ಮುಟ್ಟಿ ನೋಡಿದರು. ಉತ್ತರ ಕೊಟ್ಟವರು ಸೌಡಕ್ಕ. "ಮನೆಗೆ ಬರಕ್ಕಿಲ್ಲ. ಇವಳು ಮರ್ತಳು, ಒಪ್ಕೊಂಡಳು. ನಮ್ ಮನೇಲಿ ಗಂಜಿ ಹಂಡೆ ಸರ್ಯಾಗಿ ಇಡ್ದೇ ಇದ್ದೋರು ಯಾರ್ ಒಪ್ಕೊಂಡ್ರು?" ಗಂಡ ತಲೆ ತಗ್ಗಿಸಿದರು. ಆಮೇಲೆ ಯಾರೂ ಮನೆಯ ಮಾತೆತ್ತಲಿಲ್ಲ. ಅವತ್ತು ಆಕೆ ನನ್ನನ್ನು ಉಳಿಸಿದರು. ಮಗುವೇ, ನಮ್ಮ ಕೆಲಸದಲ್ಲಿ ರೋಗಿಗಳು ನಮ್ಮನ್ನು ಉಳಿಸುವುದು ನೀನು ತಿಳಿದುದಕ್ಕಿಂತ ಹೆಚ್ಚು.

ಮುಂದಿನ ಪೇಚು ಟೇಪ್ ರೆಕಾರ್ಡರಿನದು. ಮೆಟ್ಟುಪಾಳ್ಯಂನಲ್ಲಿ ನನ್ನ ತಮ್ಮನ ಮದುವೆ. ಐದು ದಿನ ರಜೆ ಬೇಕಿತ್ತು. ಡಾಕ್ಟರ್ ನನ್ನ ದನಿಯನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟರು. ಈ ಸಲ ಕೊನೆಯ ಮಾತುಗಳನ್ನು ಎರಡೆರಡು ಸಲ ಹೇಳಿದೆ. ಮೊದಲ ದಿನ ಚೆನ್ನಾಗಿ ನಡೆಯಿತಂತೆ. ಎರಡನೆಯ ದಿನ ಅರ್ಧದಲ್ಲಿ ಬ್ಯಾಟರಿ ಸೋತು, ನನ್ನ ದನಿ ಎಳೆದೆಳೆದು ಗಂಡಸಿನ ದನಿಯಾಯಿತಂತೆ. ಬಟ್ಟೆ ಅರ್ಧ ಬಿಚ್ಚಿತ್ತು. ಸೌಡಕ್ಕ ಬೆಚ್ಚಿ ಕೈಯನ್ನು ಮೈಗೆ ಅವುಚಿಕೊಂಡವರು, ನಾನು ಬರುವವರೆಗೂ ತೋಳು ಎತ್ತಿಸಲು ಯಾರಿಗೂ ಬಿಡಲಿಲ್ಲ.

ನಾನು ವಾಪಸು ಬಂದಾಗ, "ನಿನ್ ಮೈಮೇಲೆ ದೆವ್ವ ಬಂದಂಗೆ ಕೇಳ್ತು ಕಣ್ಣು" ಎಂದು ನಕ್ಕರು. ಆಮೇಲೆ ನಗು ನಿಂತಿತು. "ಈಗ ನೀ ಬಂದೆ, ಸರಿ. ನಾ ಊರಿಗೆ ಓದ್ಮೇಲೆ ತೋಳು ಎತ್ತಿಸೋಕೆ ಯಾರು ಬರ್ತಾರೆ? ನೀ ಇಲ್ದೆ ಆಗೋ ಅಂಥದ್ದು ಏನಾರ ಯೇಳ್ಕೊಡು."

ತೋಳು ಎತ್ತುವ ವ್ಯಾಯಾಮಕ್ಕೆ ಸಂಮೋಹನ ಒದಗುವುದಿಲ್ಲ ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು. ದೂರ ಕಳಿಸಿದ ಕೈಯಿಂದ ಕೆಲಸ ಮಾಡಿಸುವುದು ಹೇಗೆ? ಎಲ್ಲಿ ಎಳೆಯುತ್ತದೆ, ಎಲ್ಲಿ ನಿಲ್ಲಿಸಬೇಕು ಎಂದು ಆಕೆಗೆ ತಿಳಿಯಬೇಕಲ್ಲ?

ಡಾಕ್ಟರ್ ಹತ್ತಿರ ನಾನು ತಮಿಳಿನಲ್ಲಿ ಇದನ್ನು ಹೇಳಿಕೊಂಡದ್ದನ್ನು ಮರಗದಂ ಅಮ್ಮ ಕೇಳಿಸಿಕೊಂಡಿದ್ದರು ಎಂದು ನನಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ನನ್ನನ್ನು ಬಟ್ಟೆ ಇಡುವ ಕೋಣೆಗೆ ಕರೆದರು. ಒಗೆದ ಹೊದಿಕೆಗಳ ನಡುವೆ ಒಂದು ಮರದ ಸ್ಟೂಲು. "ಉಕ್ಕಾರು" ಎಂದರು, ಕೂತುಕೋ ಎಂದು. ತಾವು ಇನ್ನೊಂದು ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು. ಗಂಡ ತೀರಿಕೊಂಡ ವರ್ಷದಿಂದ ಡ್ಯೂಟಿಗೆ ಮುಂಚೆ ದಿನಾ ಹತ್ತು ನಿಮಿಷ ಹೀಗೆ ಕೂರುತ್ತಿದ್ದರಂತೆ. ಅದೇ ಆಸ್ಪತ್ರೆಯಲ್ಲಿದ್ದೂ ನಮಗೆ ಯಾರಿಗೂ ಗೊತ್ತಿರಲಿಲ್ಲ.

"ಏನು ಮಾಡಬೇಕಮ್ಮ?" ಎಂದೆ.

"ಉಸಿರು ಮೂಗಿನಲ್ಲಿ ಹೋಗುತ್ತೆ, ಬರುತ್ತೆ. ನೋಡು. ಮನಸ್ಸು ಬೇರೆ ಕಡೆ ಹೋಗುತ್ತೆ. ಹೋಯಿತು ಅಂತ ಗೊತ್ತಾದಾಗ ವಾಪಸು ಬಾ. ಅಷ್ಟೇ."

ನಾನು ಜಾಣತನ ಮಾಡಿದೆ. ಕಲಿತ ವಿದ್ಯೆ ಇತ್ತಲ್ಲ, ನನಗೆ ನಾನೇ 'ರೆಪ್ಪೆ ಭಾರವಾಗುತ್ತಿದೆ, ಮೈ ಹಗುರಾಗುತ್ತಿದೆ' ಎಂದು ಹೇಳಿಕೊಂಡೆ. ಹಾಯಾಗಿ ತೇಲಿಹೋದೆ. ಭುಜ ತಟ್ಟಿದಾಗ ಎಚ್ಚರವಾಯಿತು. "ಇದು ನಿದ್ದೆ. ಮಲಗಬೇಕಿದ್ದರೆ ಹಾಸ್ಟೆಲಿಗೆ ಹೋಗು" ಎಂದರು ಮರಗದಂ ಅಮ್ಮ.

ಎರಡನೆಯ ದಿನ ಮೂಗು ತುರಿಸಿತು. ಮೂರನೆಯ ದಿನ ಹತ್ತು ನಿಮಿಷವೂ ಹಾಸಿಗೆಗಳ ಪಟ್ಟಿಯನ್ನೇ ಓದಿದೆ. ನಾಲ್ಕನೆಯ ದಿನ ಸೌಡಕ್ಕನ ಬಿದ್ದಿದ್ದ ಕೈ ಕಣ್ಣ ಮುಂದೆ ಬಂತು, ಹೋಗಲೇ ಇಲ್ಲ. ಎದ್ದುಬಿಡೋಣ ಅನ್ನಿಸಿತು. ಎದೆ ಬಿಗಿಯುತ್ತಿದೆ ಎಂದೆ. "ಬಿಗಿಯಲಿ. ಅದನ್ನ ಎಲ್ಲೂ ಕಳಿಸಬೇಡ. ಅದರ ಜೊತೆ ಇನ್ನೊಂದು ಉಸಿರು ಕೂತಿರು" ಎಂದರು. ಕೂತೆ. ಬಿಗಿತ ಹೋಗಲಿಲ್ಲ. ಆದರೆ ನಾನೂ ಓಡಿಹೋಗಲಿಲ್ಲ. ನಾನು ಧ್ಯಾನ ಶುರುಮಾಡಿದ್ದು ನಿಜವಾಗಿ ಆ ನಾಲ್ಕನೆಯ ದಿನ.

ಹೊರಗಿಂದ ನೋಡಿದರೆ ಎರಡೂ ಒಂದೇ. ಕಣ್ಣು ಮುಚ್ಚಿರುತ್ತದೆ, ಉಸಿರು ನಿಧಾನವಾಗಿರುತ್ತದೆ, ಮನಸ್ಸು ಒಂದು ಕಡೆ ನಿಂತಿರುತ್ತದೆ. ಒಳಗಿಂದ ನನಗೆ ಕಂಡ ವ್ಯತ್ಯಾಸ ಇಷ್ಟು. ಸಂಮೋಹನದಲ್ಲಿ ಇನ್ನೊಬ್ಬರ ದನಿಯ ಕೈಹಿಡಿದು ಎಲ್ಲಿಗೋ ಹೋಗುತ್ತೇವೆ. ಒಂದು ಕೆಲಸವಿರುತ್ತದೆ, ಅದು ಮುಗಿದರೆ ವಾಪಸು ಬರುತ್ತೇವೆ. ಧ್ಯಾನದಲ್ಲಿ ಎಲ್ಲಿಗೂ ಹೋಗುವುದಿಲ್ಲ, ಕರೆದೊಯ್ಯುವವರೂ ಇಲ್ಲ. ಯಾವುದು ಹೆಚ್ಚು ಎಂದು ಕೇಳಬೇಡ. ಅಂಟಿದ ಬಟ್ಟೆ ಬಿಡಿಸುವಾಗ, 'ನೋವನ್ನು ನೋಡುತ್ತಾ ಕೂತಿರು' ಎಂದು ಯಾರಿಗಾದರೂ ಹೇಳಿದರೆ ಅದು ಕ್ರೌರ್ಯ. ಆಗ ತೊಟ್ಟಿಯ ನೀರೇ ಬೇಕು.

ಸೌಡಕ್ಕನಿಗೆ ಎರಡನ್ನೂ ಕೊಟ್ಟೆವು. ತೊಡೆಯ ಚರ್ಮ ತೆಗೆದು ತೋಳಿಗೆ ಹಾಕುವವರೆಗೂ, ಆಮೇಲೂ ಕೆಲವು ದಿನ, ಡ್ರೆಸ್ಸಿಂಗಿಗೆ ಸಂಮೋಹನ ಮಾಡಿದೆವು. ಹಾಕಿದ ಚರ್ಮ ಕೂಡಿಕೊಂಡ ಮೇಲೆ ವ್ಯಾಯಾಮಕ್ಕೆ ಉಸಿರು. ಗೋಡೆಯ ಮುಂದೆ ನಿಂತು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ನಡೆಸಬೇಕು. ಎಳೆದ ಕಡೆ ನಿಲ್ಲಬೇಕು. ಕೈಯನ್ನು ಇಳಿಸದೆ ಒಂದು ಉಸಿರು ಒಳಗೆ, ಒಂದು ಹೊರಗೆ. ಆಮೇಲೆ ಆದರೆ ಇನ್ನೊಂದು ಬೆರಳಷ್ಟು ಮೇಲಕ್ಕೆ, ಆಗದಿದ್ದರೆ ಅಲ್ಲೇ. ಮೊದಲ ದಿನ ಎದೆಯ ಮಟ್ಟ ದಾಟಲಿಲ್ಲ.

"ನೋವು ಓಗಲ್ವಲ್ಲ ಕಣ್ಣು ಇದ್ರಲ್ಲಿ?" ಎಂದರು ಆಕೆ.

"ಓಗಲ್ಲ ಸೌಡಕ್ಕ."

"ಮತ್ತೆ ಯಾಕೆ?"

ನಾನು ಮರಗದಂ ಅಮ್ಮನ ಕಡೆ ನೋಡಿದೆ. ಅವರು ತಮಗೆ ಬಾರದ ಭಾಷೆಯಲ್ಲಿ ಕೇಳಿದ ಪ್ರಶ್ನೆಯನ್ನು ಹೇಗೋ ಅರ್ಥಮಾಡಿಕೊಂಡು, ಸೌಡಕ್ಕನ ಪಕ್ಕದಲ್ಲಿ ಗೋಡೆಗೆ ತಮ್ಮ ಕೈಯನ್ನೂ ಇಟ್ಟು ನಿಂತರು. ಇಬ್ಬರೂ ಉಸಿರಾಡಿದರು. ಒಂದು ಬೆರಳಷ್ಟು ಮೇಲೆ ಹೋದರು. ಅವತ್ತಿನಿಂದ ದಿನಾ ಹೀಗೆಯೇ. ಮಯಕ್ಕ ಡಾಕ್ಟರೂ ಒಂದು ಬೆಳಿಗ್ಗೆ ಬಟ್ಟೆ ಕೋಣೆಗೆ ಬಂದು ನಮ್ಮ ಜೊತೆ ಕೂತರು. ಐದೇ ನಿಮಿಷಕ್ಕೆ ಗೊರಕೆ ಹೊಡೆದರು. ಮರಗದಂ ಅಮ್ಮ ಜೋರಾಗಿ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಆ ಇಬ್ಬರ ನಡುವೆ ಬಿಗುಮಾನ ಉಳಿಯಲಿಲ್ಲ.

ಸೌಡಕ್ಕ ಊರಿಗೆ ಹೋಗುವ ದಿನ ತೋಳು ಭುಜದ ಮಟ್ಟಕ್ಕೆ ಬಂದಿತ್ತು. ಇನ್ನು ಮೇಲೆ ಏರುವುದೋ ಇಲ್ಲವೋ ಆಕೆಯ ಕೈಯಲ್ಲೇ ಇದೆ ಎಂದು ಸರ್ಜನ್ ಹೇಳಿ ಕಳಿಸಿದರು.

ನಾನು ಈಗಲೂ ದಿನಾ ಬೆಳಿಗ್ಗೆ ಹತ್ತು ನಿಮಿಷ ಕೂರುತ್ತೇನೆ. ದೊಡ್ಡ ಅನುಭವ ಯಾವುದೂ ಆಗಿಲ್ಲ. ಎಷ್ಟೋ ದಿನ ಮನಸ್ಸು ಅಡುಗೆಮನೆಯಲ್ಲೇ ಇರುತ್ತದೆ. ಆದರೆ ಆಮೇಲಿನ ವರ್ಷಗಳಲ್ಲಿ ಡ್ರೆಸ್ಸಿಂಗ್ ರೂಮಿಗೆ ಹೋಗುವಾಗ ಬೇಗ ಮುಗಿಸಿ ಓಡಬೇಕು ಅನ್ನಿಸಲಿಲ್ಲ. ಮಗುವೇ, ಅಲ್ಲಿ ಹೇಗಿದ್ದೆ ಎಂದು ನೀನು ಕೇಳಿದೆಯಲ್ಲ, ಹೀಗೆ ಇದ್ದೆ. ನಿನಗೂ ಶುರುಮಾಡಬೇಕು ಅನ್ನಿಸಿದರೆ ಹತ್ತು ನಿಮಿಷ ಬೇಡ, ಐದು ಸಾಕು. ಕುರ್ಚಿ ಸಾಕು. ಸಂಮೋಹನ ಮಾತ್ರ ಬಲ್ಲವರ ಪಕ್ಕದಲ್ಲಿ ನಿಂತು ಕಲಿತೇ ಮಾಡು, ಒಬ್ಬಳೇ ಮಾಡಬೇಡ.

ಆರೇಳು ತಿಂಗಳ ಮೇಲೆ ಸೌಡಕ್ಕ ಗಂಡನ ಜೊತೆ ತೋರಿಸಿಕೊಳ್ಳಲು ಬಂದರು. ಸರ್ಜನ್ ನೋಡಿ ಕಳಿಸಿದ ಮೇಲೆ ನೇರ ವಾರ್ಡಿಗೆ ಬಂದರು. ಕೈಯಲ್ಲಿ ಬಾಳೆ ಎಲೆಯ ಪೊಟ್ಟಣ, ಒಳಗೆ ಒಂದು ಮೊಳ ಮಲ್ಲಿಗೆ.

"ತಿರುಗು ಕಣ್ಣು" ಎಂದರು.

"ಡ್ಯೂಟೀಲಿ ಮುಡಿಯೋ ಹಂಗಿಲ್ಲ ಸೌಡಕ್ಕ. ಕೊಡು, ಆಮೇಲೆ..."

"ತಿರುಗು ಅಂದೆ."

ತಿರುಗಿದೆ. ಆಕೆಗಿಂತ ನಾನು ಎತ್ತರ. ಬಗ್ಗಲು ಹೋದೆ, "ನೆಟ್ಟಗೆ ನಿಲ್ಲು" ಎಂದು ಗದರಿಸಿದರು. ಹಿಂದಿನಿಂದ ಬಳೆಯ ಸದ್ದು ಮೇಲೆ ಬಂತು. ಭುಜದ ಹತ್ತಿರ ನಿಂತಿತು. ಆಕೆ ಉಸಿರು ಎಳೆದು ಬಿಡುವುದು ನನ್ನ ಕತ್ತಿಗೆ ತಾಕಿತು. ಬಳೆ ಇನ್ನಷ್ಟು ಮೇಲೆ ಬಂತು. ಮತ್ತೆ ನಿಂತಿತು. ಇನ್ನೊಂದು ಉಸಿರು.

ಅಷ್ಟರಲ್ಲಿ ಮರಗದಂ ಅಮ್ಮ ಎದುರಿನ ಬಾಗಿಲಿನಿಂದ ಬಂದರು. ನಮ್ಮನ್ನು ನೋಡಿ ಅಲ್ಲೇ ನಿಂತರು. ಸೌಡಕ್ಕನ ಬೆರಳು ನನ್ನ ಕೂದಲಿನಲ್ಲಿ ತಡಕಾಡಿ, ಪಿನ್ನು ಸಿಗಿಸಿ, ಕೈ ಇಳಿಯುವವರೆಗೂ ಅವರು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಆಮೇಲೆ ಹತ್ತಿರ ಬಂದು ಹೂವನ್ನು ನೋಡಿದರು, ನನ್ನ ಮುಖ ನೋಡಿದರು.

"ಮಧ್ಯಾಹ್ನದವರೆಗೆ ಇರಲಿ" ಎಂದು ಹೇಳಿ ಡ್ರೆಸ್ಸಿಂಗ್ ರೂಮಿಗೆ ಹೋದರು.